ಕೋಡಂಬಾಕ್ಕಂನ ಸೋದರಮಾವನಿಗೆ ನನ್ನ ಕಾರು ಗುದ್ದಿದ್ದು

ಹೊಸಕೋಟೆಯಾಚೆ

ನಮ್ಮಮ್ಮನ ಭೂಗೋಳದಲ್ಲಿ ಹೊಸಕೋಟೆ ದಾಟಿದರೆ ಪರದೇಶ ಶುರು. ದುಬೈಗೂ ಮದ್ರಾಸಿಗೂ ಆಕೆ ಕಾಣುವ ವ್ಯತ್ಯಾಸ ಇಷ್ಟೇ: ದುಬೈಗೆ ಹೊರಟವರಿಗೆ ಚಟ್ನಿಪುಡಿ ಕಟ್ಟಿಕೊಡುತ್ತಾಳೆ, ಮದ್ರಾಸಿಗೆ ಹೊರಟವರಿಗೆ ಚಟ್ನಿಪುಡಿಯ ಜೊತೆಗೆ ಕುಡಿಯುವ ನೀರನ್ನೂ ಕೊಡುತ್ತಾಳೆ. ಚೆನ್ನೈ ಎಂಬ ಹೆಸರನ್ನು ಆಕೆ ಇನ್ನೂ ಒಪ್ಪಿಕೊಂಡಿಲ್ಲ. ಹಾಗಾಗಿ ಆ ಶನಿವಾರ ಬೆಳಿಗ್ಗೆ ತುಮಕೂರಿನಿಂದ ನಾನೊಬ್ಬನೇ ಕಾರು ತೆಗೆದಾಗ ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನಿತ್ತು. ಮುಂದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಬೆಳ್ಳಿ ಭರಣಿ, ಅದರೊಳಗೆ ಒಂದು ಜೊತೆ ಚಿನ್ನದ ತಂತಿ.

ಆ ತಂತಿಗಳೇ ಈ ಪ್ರವಾಸಕ್ಕೆ ಕಾರಣ. ಪೆರಂಬೂರಿನಲ್ಲಿರುವ ನನ್ನ ತಂಗಿ ವಿಜಿಯ ಮಗಳು ಪಾವನಿಗೆ ಮೂರು ತುಂಬುತ್ತ ಬಂದರೂ ಕಿವಿ ಚುಚ್ಚಿಸಿರಲಿಲ್ಲ. ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಆ ಸೋದರಮಾವ ನಾನು. ನಾನೋ ಸರ್ಕಾರಿ ಶಾಲೆಯ ಮೇಷ್ಟ್ರು. ಒಮ್ಮೆ ಮುಹೂರ್ತ ಇಟ್ಟಾಗ ಚುನಾವಣೆ ಕೆಲಸ ಬಂತು, ಇನ್ನೊಮ್ಮೆ ಇಟ್ಟಾಗ ಗಣತಿ ಬಂತು. ಊರಿನ ತಲೆಗಳನ್ನೆಲ್ಲ ಎಣಿಸಿ ಮುಗಿಸುವಷ್ಟರಲ್ಲಿ ನಮ್ಮ ಮನೆಯ ಒಂದು ಮಗುವಿನ ಕಿವಿ ಹಾಗೇ ಉಳಿಯಿತು.

ಈ ಸಲ ಅಮ್ಮ ತನ್ನ ಮೂಗುಬೊಟ್ಟನ್ನೇ ಕರಗಿಸಿ ತಂತಿ ಮಾಡಿಸಿದ್ದಳು. ಮಂಡಿನೋವಿನಿಂದ ತಾನು ಬರಲಾಗದ್ದಕ್ಕೆ ಬದಲಾಗಿ ತನ್ನ ಬಂಗಾರ ಹೋಗಲಿ ಎಂಬುದು ಆಕೆಯ ಲೆಕ್ಕ. ಭಾನುವಾರ ಹತ್ತೂವರೆಯೊಳಗೆ ಮುಹೂರ್ತ.

"ಈ ಸಲಾನೂ ತಪ್ಪಿಸಿದ್ರೆ ಅವರ ಕಡೆಯೋನು ಯಾವನಾದ್ರೂ ಕೂರಿಸ್ಕೋತಾನೆ. ಆಮೇಲೆ ನಿನ್ನ ತೊಡೆ ಇಟ್ಕೊಂಡು ಏನು ಮಾಡ್ತೀಯೋ?" ಎಂದು ಅಮ್ಮ ಗೇಟಿನವರೆಗೂ ಕೇಳುತ್ತಾ ಬಂದಳು. ಹೆಂಡತಿ ಮಾತ್ರ, "ಲೈಸೆನ್ಸು, ಆರ್.ಸಿ., ಇನ್ಶೂರೆನ್ಸು, ಹೊಗೆ ಸರ್ಟಿಫಿಕೇಟು ಎಲ್ಲಾ ಇಟ್ಕೊಂಡಿದ್ದೀರಾ? ಕೆ.ಎ. ನಂಬರ್ ಕಂಡ್ರೆ ಅಲ್ಲಿ ಬಿಡಲ್ವಂತೆ," ಎಂದಳು. ಪಾಸ್‌ಪೋರ್ಟು ಒಂದನ್ನು ಬಿಟ್ಟು ಎಲ್ಲವೂ ಇತ್ತು.

ಕೋಡಂಬಾಕ್ಕಂ

ಪೆರಂಬೂರಿಗೆ ಹೋಗುವವನಿಗೆ ಕೋಡಂಬಾಕ್ಕಂನಲ್ಲಿ ಏನು ಕೆಲಸ ಎಂದು ಆಮೇಲೆ ಪೊಲೀಸರೂ ಕೇಳಿದರು. ನನ್ನ ಉತ್ತರ ಅವರಿಗೆ ಹಿಡಿಸಲಿಲ್ಲ. ನಿಮಗಾದರೂ ಹಿಡಿಸಲಿ.

ನಮ್ಮಪ್ಪನ ಪ್ರಾಯದಲ್ಲಿ ಕನ್ನಡ ಸಿನಿಮಾಗಳೂ ಕೋಡಂಬಾಕ್ಕಂನಲ್ಲೇ ತಯಾರಾಗುತ್ತಿದ್ದವು. ತನ್ನ ಮುಖ ದೊಡ್ಡದಾಗಿ ನಾಲ್ಕು ಜನ ತಲೆಯೆತ್ತಿ ನೋಡಬೇಕು ಎಂಬ ಆಸೆಯಿದ್ದವರು ಮದ್ರಾಸಿನ ರೈಲು ಹತ್ತುತ್ತಿದ್ದರು. ಅಪ್ಪನೂ ಟ್ರಂಕು ಕಟ್ಟಿಕೊಂಡು ತುಮಕೂರು ಸ್ಟೇಷನ್‌ವರೆಗೆ ಹೋಗಿದ್ದನಂತೆ. ಅಲ್ಲಿ ತಾತ ಸಿಕ್ಕಿದನಂತೆ. ಮುಂದಿನ ವಿವರ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅಪ್ಪ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತನಾಗಿ ತೀರಿಕೊಂಡ. ಆತ ನೋಡದ ಆ ಜಾಗವನ್ನು ನಾನಾದರೂ ನೋಡಿ ಹೋಗೋಣವೆಂದು ಸುತ್ತುದಾರಿ ಹಿಡಿದು ಹೊರಟೆ.

ಸ್ಟುಡಿಯೋ ಇದ್ದ ಜಾಗ ಎಂದು ಫೋನು ತೋರಿಸಿದಲ್ಲಿ ಅಪಾರ್ಟ್‌ಮೆಂಟು ಇತ್ತು. ಆದರೆ ಮುಖ ದೊಡ್ಡದು ಮಾಡುವ ಕಸುಬು ಕೋಡಂಬಾಕ್ಕಂ ಬಿಟ್ಟು ಹೋಗಿರಲಿಲ್ಲ. ಗಲ್ಲಿಯ ಬಾಯಿಯಲ್ಲಿ ಸರ್ವೆ ಗಳಗಳಿಗೆ ಕಟ್ಟಿದ ಭಾರೀ ಫ್ಲೆಕ್ಸು. ನಡುವೆ ಕಿರೀಟ ಇಟ್ಟುಕೊಂಡ ಒಂದು ಮಗು, ಸುತ್ತ ಅದರ ಬಂಧುಬಳಗದ ತಲೆಗಳು. ಕೆಲವರಿಗೆ ಕಪ್ಪು ಕನ್ನಡಕ, ಕೆಲವರ ಕಿವಿಗೆ ಮೊಬೈಲು. ನಮ್ಮೂರಿನಲ್ಲಿ ಇಷ್ಟು ತಲೆಗಳು ಒಂದೇ ಫ್ಲೆಕ್ಸಿನಲ್ಲಿ ಸೇರಬೇಕಾದರೆ ಯಾರಾದರೂ ನಿಗಮ ಮಂಡಳಿಯ ಅಧ್ಯಕ್ಷರಾಗಬೇಕು. ಇಲ್ಲಿ ಒಂದು ಮಗುವಿಗೆ ಈ ವೈಭೋಗವೇ ಎಂದು ನಾನು ಕತ್ತೆತ್ತಿ ನೋಡುತ್ತಿರುವಾಗ ಎದುರಿನಿಂದ ಒಂದು ಆಟೋ ತನ್ನದಲ್ಲದ ಬದಿಯಲ್ಲಿ ಬಂತು. ಎಡಕ್ಕೆ ತಿರುಗಿಸಿದೆ. ಕಾರು ಸದ್ದುಗದ್ದಲವಿಲ್ಲದೆ ಫ್ಲೆಕ್ಸಿನೊಳಗೆ ಹೋಯಿತು.

ಯಾರಿಗೂ ಏನೂ ಆಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಹೆಡ್‌ಲೈಟು ಒಡೆಯಿತು, ಎಡಗಡೆಯ ಕನ್ನಡಿ ಫ್ಲೆಕ್ಸನ್ನು ಸೀಳಿಕೊಂಡು ಆಚೆಗೆ ಇಣುಕಿತು. ಆಟೋದವನು ಮುಂದೆ ಹೋಗಿ, ನಿಲ್ಲಿಸಿ, ಬಂದು, "ನಿಧಾನಮಾ ವರಕೂಡಾದಾ ಸಾರ್?" ಎಂದು, ನಿಧಾನವಾಗಿ ಬರಬಾರದೇ ಎಂದು ನನಗೇ ಬುದ್ಧಿ ಹೇಳಿ ಹೋದ.

ಆಗ ಗಲ್ಲಿಯೊಳಗಿಂದ ಬಿಳಿ ಪಂಚೆ, ಬಿಳಿ ಅಂಗಿಯ ದಪ್ಪ ಮೀಸೆಯ ಮನುಷ್ಯನೊಬ್ಬ ಓಡಿಬಂದ. ಕಾರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕನ್ನಡಿ ಇಣುಕಿದ ತೂತನ್ನು ನೋಡಿದ. "ಎನ್ ಮೂಂಜಿ!" ಎಂದು ಕೂಗಿದ. ಅಲ್ಲಿದ್ದದ್ದು ಅವನದೇ ಮುಖ. ಹಣೆಯಿಂದ ಗದ್ದದವರೆಗೆ ಈಗ ಅಲ್ಲಿ ನನ್ನ ಕಾರಿನ ಕನ್ನಡಿ ಇತ್ತು.

ಅವನ ಹೆಸರು ಸೆಲ್ವಂ, ನೀರಿನ ಟ್ಯಾಂಕರ್ ಓಡಿಸುವವನು. ಮರುದಿನ ಅವನ ತಂಗಿಯ ಮಗುವಿಗೆ ಕಾದುಕುತ್ತು, ಅಂದರೆ ಕಿವಿ ಚುಚ್ಚುವ ಶಾಸ್ತ್ರ. ಅವನು ಆ ಮಗುವಿನ ತಾಯ್ ಮಾಮನ್. ನಮ್ಮ ಮಾತಿನಲ್ಲಿ ಸೋದರಮಾವ. ನಾನು ಭೂಮಿಯ ಮೇಲೆ ಅಷ್ಟು ಜಾಗ ಬಿಟ್ಟು ಇನ್ನೊಬ್ಬ ಸೋದರಮಾವನ ಮುಖಕ್ಕೇ ಹೋಗಿ ಗುದ್ದಿದ್ದೆ.

ಠಾಣೆಯ ಬೆಂಚು

ಯಾರೋ ಪುಣ್ಯಾತ್ಮ ನೂರಕ್ಕೆ ಫೋನ್ ಮಾಡಿದ್ದ. ಜೀಪು ಬಂತು. ಕಾರು, ನಾನು, ಸೆಲ್ವಂ ಮೂವರೂ ಠಾಣೆಗೆ ಹೋದೆವು. ಕಾರನ್ನು ಬೇವಿನಮರದ ಕೆಳಗೆ ನಿಲ್ಲಿಸಿ, ಕೀಲಿ ತೆಗೆದುಕೊಂಡು ಇನ್ಸ್‌ಪೆಕ್ಟರರ ಡ್ರಾಯರಿಗೆ ಹಾಕಿ ಬೀಗ ಜಡಿದರು. ಇನ್ಸ್‌ಪೆಕ್ಟರು ಯಾರೋ ಮಂತ್ರಿಯ ಬಂದೋಬಸ್ತಿಗೆ ಹೋಗಿದ್ದರು. ಡ್ರಾಯರಿನ ಬೀಗದಕೈ ಅವರ ಜೇಬಿನಲ್ಲಿ, ಅವರು ಮಂತ್ರಿಯ ಹಿಂದೆ.

ನಮ್ಮ ಕಡೆ ಠಾಣೆಗೆ ಹೋದರೆ ಮೊದಲ ಪ್ರಶ್ನೆ, "ಯಾರ ಕಡೆಯೋನಯ್ಯಾ ನೀನು?" ಇಲ್ಲಿ ಎಸ್.ಐ. ಮೇಡಂ ತಲೆಯೆತ್ತಿ, "ಸಾಪ್ಟೀಂಗಳಾ?" ಎಂದು ಕೇಳಿದರು. ಊಟ ಆಯಿತೇ ಎಂಬ ಪ್ರಶ್ನೆಗೆ ಯಾವ ಕಾಗದ ತೋರಿಸಬೇಕೆಂದು ತಿಳಿಯದೆ ನಾನು ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಇಟ್ಟೆ. ಅವರು ಒಂದನ್ನೂ ಮುಟ್ಟಲಿಲ್ಲ. ಟೀ ತರಿಸಿದರು. ದಾರಿಯುದ್ದಕ್ಕೂ ಮಡಚಿ ಸಿದ್ಧವಾಗಿಟ್ಟುಕೊಂಡಿದ್ದ ನೋಟನ್ನೂ ಯಾರೂ ಕೇಳಲಿಲ್ಲ. ಪರದೇಶದಲ್ಲಿ ಹೀಗೆ ಆದಾಗ ಮನುಷ್ಯನಿಗೆ ದಿಕ್ಕೇ ತೋಚುವುದಿಲ್ಲ.

ತೊಂದರೆ ಬೇರೆಯೇ ಇತ್ತು. ಠಾಣೆಯಲ್ಲಿ ಬರೆಯುವ ಕೆಲಸದವರನ್ನು ಅಲ್ಲಿ ರೈಟರ್ ಎಂದೇ ಕರೆಯುತ್ತಾರೆ. ಕನ್ನಡಕದ ಆ ರೈಟರ್ ಪೆನ್ನಿನ ಮುಚ್ಚಳ ತೆಗೆದು, "ವಣ್ಡಿ ಯಾವುದಕ್ಕೆ ಗುದ್ದಿತು?" ಎಂದರು. ಇನ್ನು ಮುಂದೆ ಅವರ ತಮಿಳನ್ನೆಲ್ಲ ನಾನು ಕನ್ನಡದಲ್ಲೇ ಹೇಳುತ್ತೇನೆ.

"ಬ್ಯಾನರಿಗೆ," ಎಂದೆ.

ರೈಟರ್ ಪೆನ್ನಿನ ಮುಚ್ಚಳ ಹಾಕಿದರು. ಎಸ್.ಐ. ಮೇಡಂ ನಿಧಾನವಾಗಿ, ದಡ್ಡ ಹುಡುಗನಿಗೆ ಭಾಗಾಕಾರ ಹೇಳಿಕೊಡುವಂತೆ ವಿವರಿಸಿದರು. "ನೋಡಿ ಸಾರ್. ಬ್ಯಾನರ್ ಕಟ್ಟೋಕೆ ಪರ್ಮಿಷನ್ ಬೇಕು. ಈ ಬ್ಯಾನರಿಗೆ ಪರ್ಮಿಷನ್ ಇಲ್ಲ. ಪರ್ಮಿಷನ್ ಇಲ್ಲದ ಬ್ಯಾನರ್ ಇದ್ದರೆ ನಾವು ಬಿಚ್ಚಿಸಿರಬೇಕು. ನಾವು ಬಿಚ್ಚಿಸಿಲ್ಲ. ಹಾಗಾದರೆ ಅಲ್ಲಿ ಬ್ಯಾನರ್ ಇರಲಿಲ್ಲ."

"ನಾನು ಗುದ್ದಿದ್ದು ಯಾವುದಕ್ಕೆ ಮೇಡಂ?"

"ಅದನ್ನು ನೀವು ಹೇಳಬೇಕು."

ಸೆಲ್ವಂ ಎದ್ದು ನಿಂತ. "ಬ್ಯಾನರ್ ಇರಲಿಲ್ಲವಾ? ನನ್ನ ಮುಖ ಹರಿದಿದೆಯಮ್ಮಾ! ಅದನ್ನು ಬರೆಯಿರಿ!"

"ಬರೆದರೆ ಕಟ್ಟಿದವನು ನೀನು. ನಿನ್ನನ್ನೇ ಮೊದಲು ಒಳಗೆ ಕೂರಿಸಬೇಕಾಗುತ್ತೆ," ಎಂದರು ಮೇಡಂ. ಸೆಲ್ವಂ ಕೂತ. ಆದರೆ ದೂರು ಬಿಡಲೊಲ್ಲ.

ರೈಟರ್ ನಿಜಕ್ಕೂ ಸಜ್ಜನರು, ನನಗಾಗಿ ಬಹಳ ಕಷ್ಟಪಟ್ಟರು. ಫೋನ್ ಬಂದ ಮೇಲೆ ಏನಾಯಿತೆಂದು ಬರೆದು ಮುಗಿಸಲೇಬೇಕು, ಬರೆಯದೆ ವಣ್ಡಿ ಬಿಡುವಂತಿಲ್ಲ. "ಮರ ಅಂತ ಬರೆಯಲಾ?" ಎಂದರು. ಮರ ಎಂದರೆ ಕಾರ್ಪೊರೇಷನ್‌ನವರು ಯಾವ ಮರ ಎಂದು ಕೇಳುತ್ತಾರೆ ಎಂದರು ಮೇಡಂ. ಕರೆಂಟು ಕಂಬ? ಕರೆಂಟಿನವರು ಕಂಬ ಎಣಿಸಲು ಬರುತ್ತಾರೆ. ಗೋಡೆ? ಯಾರ ಗೋಡೆ? ನಾನು ತಡೆಯಲಾರದೆ, "ಹಸು ಅಂತ ಬರೆದುಬಿಡಿ," ಎಂದೆ. ಇಬ್ಬರೂ ನನ್ನ ಬಾಯಿ ಮುಚ್ಚಿಸುವಂತೆ ಕೈ ಆಡಿಸಿದರು. "ಹಸು ಮಾತ್ರ ಬೇಡ ಸಾರ್. ಹಸು ಅಂದರೆ ಟೀವಿಯವರು ಬರ್ತಾರೆ." ನಮ್ಮೂರಿನ ಕಥೆಗಾರರು ಇಷ್ಟು ಎಚ್ಚರದಿಂದ ಬರೆದದ್ದನ್ನು ನಾನು ಕಂಡಿಲ್ಲ.

ಸಂಜೆಯ ಹೊತ್ತಿಗೆ ತಂಗಿಯ ಗಂಡ ರಘು ಬೈಕಿನಲ್ಲಿ ಬಂದ. ತಾತನ ಕಾಲದಿಂದ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿರುವ ಮನೆತನ ಅವನದು. ಅವನ ಕನ್ನಡಕ್ಕೂ ತಮಿಳಿಗೂ ನಡುವೆ ಚೆಕ್‌ಪೋಸ್ಟೇ ಇಲ್ಲ. "ಭಾವಾ, ಟೆನ್ಷನ್ ಆಗಬೇಡಿ. ನೀವು ವಾಯೇ ತೆರೆಯಬೇಡಿ, ನಾನು ಪೇಸಿ ಮುಡಿಸ್ತೀನಿ," ಎಂದ. ಮಾತಾಡಿ ಮುಗಿಸುತ್ತಾನಂತೆ.

"ನಾಳೆ ಕಿವಿ ಚುಚ್ಚೋದಿದೆ, ತಂತಿ ಕಾರಲ್ಲಿದೆ ಅಂತ ಹೇಳೋಣವೇನಪ್ಪಾ?" ಎಂದೆ ಪಿಸುಮಾತಿನಲ್ಲಿ.

"ಐಯೋ, ತಂಗಂ, ಚಿನ್ನ ಅಂತ ಸ್ಟೇಷನ್‌ನಲ್ಲಿ ಯಾರಾದ್ರೂ ಸೊಲ್ಲುವಾರಾ? ಯಾರ ತಂಗಂ, ಬಿಲ್ ಎಲ್ಲಿ ಅಂತ ಅದಕ್ಕೊಂದು ಕೇಸ್ ಆಗುತ್ತೆ. ಮನೆ ವಿಷಯ ಇಲ್ಲಿ ಬೇಡ ಭಾವಾ."

ನನಗೂ ಸರಿಯೆನಿಸಿತು. ನಮ್ಮ ಕಡೆಯ ಠಾಣೆಯಲ್ಲಿ ನಾನೊಬ್ಬ ಮಾವ ಎಂದು ಹೇಳಿಕೊಂಡರೆ, "ಬಾ, ಮಾವನ ಮನೆ ತೋರಿಸ್ತೀನಿ," ಎನ್ನುತ್ತಾರೆ. ರಘು ಪೇಸಿ ಮುಡಿಸಲು ಹೊರಟ. ತನಗೆ ದೊಡ್ಡ ಸಾಹೇಬರೊಬ್ಬರು ಗೊತ್ತು ಎಂದ. ಅದುವರೆಗೆ ಕರಗಿದ್ದ ಮೇಡಂ ಅಲ್ಲಿಂದ ಗಟ್ಟಿಯಾದರು. "ಹಾಗಾದರೆ ಎಲ್ಲ ರೂಲ್ಸ್ ಪ್ರಕಾರವೇ ಮಾಡೋಣ. ನಾಳೆ ಬನ್ನಿ," ಎಂದರು.

ಪೆರಂಬೂರಿನಲ್ಲಿ ವಿಜಿ ಬಾಗಿಲಲ್ಲೇ ನಿಂತಿದ್ದಳು. "ಅಣ್ಣಾ, ನಮ್ಮತ್ತೆ ಆಗಲೇ ಅವರ ತಮ್ಮನ ಮಗನಿಗೆ ಪಂಚೆ ತೆಗೆದಿಟ್ಟಿದ್ದಾರೆ," ಎಂದಳು. ನನಗೆ ಅನ್ನ ಸೇರಲಿಲ್ಲ.

ಭಾನುವಾರ, ಅದೇ ಬೆಂಚು

ಬೆಳಿಗ್ಗೆ ನಾನೂ ರಘುವೂ ಹೋಗುವಷ್ಟರಲ್ಲಿ ಸೆಲ್ವಂ ಬೆಂಚಿನ ಮೇಲಿದ್ದ. ಹೊಸ ರೇಷ್ಮೆ ಪಂಚೆ, ಹಣೆಯಲ್ಲಿ ವಿಭೂತಿ. ಒಳ್ಳೆಯ ಸುದ್ದಿಯೆಂದರೆ ಡ್ರಾಯರಿನ ಬೀಗ ತೆಗೆದಿತ್ತು, ನನ್ನ ಕಾರಿನ ಕೀಲಿ ಮೇಡಂ ಮುಂದೆ ಮೇಜಿನ ಮೇಲಿತ್ತು. ಕೆಟ್ಟ ಸುದ್ದಿಯೆಂದರೆ ಕಾರು ಗುದ್ದಿದ್ದು ಯಾವುದಕ್ಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

"ನಿಮ್ಮ ಶಾಸ್ತ್ರಕ್ಕೆ ಹೊತ್ತಾಗಲ್ವಾ? ದೂರು ಬಿಟ್ಟು ಹೋಗಪ್ಪಾ," ಎಂದೆ ನನ್ನ ಹರಕು ತಮಿಳಿನಲ್ಲಿ.

ಸೆಲ್ವಂ ಈಗ ಕೂಗಲಿಲ್ಲ. "ಸಾರ್, ನಮ್ಮ ಮಾಪ್ಪಿಳ್ಳೈ, ತಂಗಿ ಗಂಡನ ಕಡೆಯವರು ಅಂಗಡಿ, ಮನೆ ಎಲ್ಲ ಇರೋರು. ನಾನು ತಣ್ಣಿ ಲಾರಿ ಡ್ರೈವರ್. ಬೇರೆ ದಿನ ಅವರ ಮನೆಗೆ ಹೋದರೆ ನೀರು ಬಂತಾ ಅಂತಷ್ಟೇ ಕೇಳ್ತಾರೆ. ಈ ಒಂದು ದಿನ ನಾನು ತಾಯ್ ಮಾಮನ್. ನಾನು ತವರಿನ ಉಡುಗೊರೆಯ ಸೀರ್ ತಟ್ಟೆ ಹೊತ್ತುಕೊಂಡು ಹೋಗುವಾಗ ಅವರೆಲ್ಲ ಎದ್ದು ನಿಲ್ಲಬೇಕು. ಬ್ಯಾನರಿನಲ್ಲಿ ಎಲ್ಲರೂ ಇದ್ದಾರೆ. ನನ್ನ ಜಾಗದಲ್ಲಿ ತೂತು. ರಾತ್ರಿಯೆಲ್ಲ ಅವರ ಕಡೆಯ ಪಿಳ್ಳೆಗಳು ಆ ತೂತಿನಲ್ಲಿ ತಲೆ ಹಾಕಿ ಫೋಟೋ ತೆಗೆಸಿಕೊಂಡವು."

ಒಂದು ಫ್ಲೆಕ್ಸಿನ ತುಂಡಿಗಾಗಿ ಇಷ್ಟು ಗೋಳೇ ಎಂದು ನನಗೆ ಒಳಗೊಳಗೇ ನಗು ಬಂತು. ಮುಖಂಡರ ಹಿಂದೆ ನಿಂತು ಫ್ಲೆಕ್ಸಿಗೆ ತಲೆ ತೂರಿಸುವ ನಮ್ಮೂರಿನ ಮರಿ ಪುಢಾರಿಗಳು ನೆನಪಾದರು. ಸುಶಿಕ್ಷಿತನಾದ ನಾನು ಮುಗುಳ್ನಕ್ಕು ಗಡಿಯಾರ ನೋಡಿದೆ. ಒಂಬತ್ತು ದಾಟಿತ್ತು.

ಅಷ್ಟರಲ್ಲಿ ಫೋನು ಬಂತು. ವಿಜಿ ಇರಬೇಕೆಂದು ಒತ್ತಿದೆ. ಗಡಿಬಿಡಿಯಲ್ಲಿ ಸ್ಪೀಕರಿಗೂ ಬೆರಳು ತಗುಲಿತು. ಪಾವನಿಯ ಅಳುವ ದನಿ ಇಡೀ ಠಾಣೆಗೆ ಕೇಳಿಸಿತು. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಮಗು ಅದು.

"ಮಾಮಾ, ನೀ ವರಮಾಟ್ಟಿಯಾ? ಎನಕ್ಕು ಕಾದು ಕುತ್ತಪ್ಪೋರಾಂಗ. ನಾ ಉನ್ ಮಡಿಲೆ ದಾನ್ ಉಕ್ಕಾರುವೇನ್!"

ಮಾಮಾ ನೀನು ಬರಲ್ವಾ, ನನಗೆ ಕಿವಿ ಚುಚ್ತಾರಂತೆ, ನಾನು ನಿನ್ನ ಮಡಿಲಲ್ಲೇ ಕೂರೋದು. ಅಷ್ಟೇ. ಹಿಂದಿನಿಂದ ವಿಜಿ ಫೋನು ಕಿತ್ತುಕೊಂಡಳು.

ತಲೆಯೆತ್ತಿ ನೋಡಿದರೆ ಠಾಣೆಗೆ ಠಾಣೆಯೇ ನನ್ನನ್ನು ನೋಡುತ್ತಿತ್ತು. ಬಾಗಿಲಲ್ಲಿದ್ದ ಪೇದೆ ಒಳಗೆ ಬಂದಿದ್ದ. ಮೊದಲು ಬಾಯಿ ತೆರೆದವನು ಸೆಲ್ವಂ.

"ನೀವು ತಾಯ್ ಮಾಮನಾ?"

"ಹೌದು. ಹತ್ತೂವರೆಯೊಳಗೆ ಮುಹೂರ್ತ. ತಂತಿ ಕಾರಿನಲ್ಲಿದೆ. ನಮ್ಮಮ್ಮನ ಮೂಗುಬೊಟ್ಟು ಕರಗಿಸಿ ಮಾಡಿದ್ದು," ಎಂದೆ. ಹೇಳುತ್ತಾ ನಾಚಿಕೆಯಾಯಿತು.

ಎಸ್.ಐ. ಮೇಡಂ ಕುರ್ಚಿಯಿಂದ ಎದ್ದೇ ಬಿಟ್ಟರು. "ನಿನ್ನೆಯೇ ಹೇಳಬಾರದಾ ಸಾರ್? ಲೈಸೆನ್ಸ್ ತೋರಿಸ್ತೀರಿ, ಇನ್ಶೂರೆನ್ಸ್ ತೋರಿಸ್ತೀರಿ, ಹೊಗೆ ಸರ್ಟಿಫಿಕೇಟ್ ತೋರಿಸ್ತೀರಿ. ಇದನ್ನು ಯಾಕೆ ಹೇಳಲಿಲ್ಲ?" ಆಮೇಲೆ ರಘುವಿನ ಕಡೆ ತಿರುಗಿ, "ನೀವು ಆ ಮಗುವಿನ ಅಪ್ಪನಾ? ನಿಮಗಾದರೂ ಬೇಡವಾ? ದೊಡ್ಡ ಸಾಹೇಬರ ಹೆಸರು ಹೇಳ್ತೀರಿ!" ಎಂದರು. ಪೇಸಿ ಮುಡಿಸುವವನು ತಲೆ ತಗ್ಗಿಸಿದ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ನಮ್ಮಿಬ್ಬರಿಗೆಂದೇ ಮಾಡಿದ ಗಾದೆ.

ಸೆಲ್ವಂ ಹೇಳದೆ ಕೇಳದೆ ತನ್ನ ದೂರಿನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಒಬ್ಬ ತಾಯ್ ಮಾಮನನ್ನು ಇನ್ನೊಬ್ಬ ತಾಯ್ ಮಾಮನ್ ಬೆಂಚಿನ ಮೇಲೆ ಕೂರಿಸಿದರೆ ಪಾಪ ಬರುತ್ತೆ," ಎಂದ. ರೈಟರ್ ಪೆನ್ನು ತೆಗೆದರು. ನಿನ್ನೆಯಿಂದ ಬಾರದ ಸ್ಫೂರ್ತಿ ಅವರಿಗೆ ಈಗ ಬಂತು. ಬರೆದು ಗಟ್ಟಿಯಾಗಿ ಓದಿದರು: ಕರ್ನಾಟಕದ ಪ್ರವಾಸಿಯೊಬ್ಬರು ಪೆರಂಬೂರಿಗೆ ದಾರಿ ಕೇಳಲು ಠಾಣೆಗೆ ಬಂದರು. ದಾರಿ ತೋರಿಸಲಾಯಿತು.

"ಎರಡು ದಿನ ಕೇಳಿದೆನಾ?" ಎಂದೆ.

"ಊರು ದೊಡ್ಡದು ಸಾರ್," ಎಂದರು ರೈಟರ್.

ಹೊರಡುವಾಗ ಸೆಲ್ವಂ ನನ್ನ ಭುಜದ ಮೇಲೆ ಕೈ ಹಾಕಿ ಮೊಬೈಲು ಎತ್ತಿ ಹಿಡಿದು ಫೋಟೋ ತೆಗೆದ. ನನ್ನ ನಂಬರನ್ನೂ ಬರೆದುಕೊಂಡ. ಕೇಸು ಬಿಟ್ಟದ್ದಕ್ಕೆ ಸಾಕ್ಷಿ ಇರಬೇಕೇನೋ ಎಂದುಕೊಂಡೆ. ಅವನ ಮುಖದ ತೂತು ಹಾಗೇ ಉಳಿದಿತ್ತು. ಅದರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ, ನನಗೆ ಹೊತ್ತಾಗಿತ್ತು.

ಪೆರಂಬೂರು

ಒಂದೇ ಕಣ್ಣಿನ ಕಾರು ಪೆರಂಬೂರಿನ ಮಂಟಪದ ಮುಂದೆ ನಿಂತಾಗ ಹತ್ತು ಹೊಡೆದಿತ್ತು. ಭರಣಿಯನ್ನು ಎದೆಗವಚಿಕೊಂಡು ಇಳಿದೆ. ಬಾಗಿಲಲ್ಲಿ ಸರ್ವೆ ಗಳಗಳಿಗೆ ಕಟ್ಟಿದ ಒಂದು ಫ್ಲೆಕ್ಸಿತ್ತು.

ನಡುವೆ ಪಾವನಿ, ತಲೆಯ ಮೇಲೆ ಕಿರೀಟ. ಸುತ್ತ ರಘುವಿನ ಅಪ್ಪ, ಅಮ್ಮ, ದೊಡ್ಡಪ್ಪ, ವರ್ಕ್‌ಶಾಪಿನ ಯೂನಿಯನ್ ಲೀಡರು, ವಿಜಿಯ ಅತ್ತೆ ಪಂಚೆ ತೆಗೆದಿಟ್ಟಿದ್ದ ಆ ತಮ್ಮನ ಮಗ. ತಮಿಳು ಓದಲು ಬಾರದವನಿಗೂ ಮುಖ ಓದಲು ಬರುತ್ತದೆ. ಮೇಲಿನಿಂದ ಕೆಳಗೆ ಓದಿದೆ, ಎಡದಿಂದ ಬಲಕ್ಕೆ ಓದಿದೆ. ನಾನು ಎಲ್ಲಿಯೂ ಇರಲಿಲ್ಲ.

"ಅದು ಭಾವಾ, ನಿಮ್ಮ ನಲ್ಲ ಫೋಟೋ, ಒಳ್ಳೆಯದು ಒಂದೂ ಸಿಗಲಿಲ್ಲ. ಫ್ಲೆಕ್ಸ್‌ಕಾರನು ಅರ್ಜೆಂಟ್ ಮಾಡಿಬಿಟ್ಟ," ಎಂದ ರಘು.

"ಪರವಾಗಿಲ್ಲ ಬಿಡಪ್ಪಾ, ಅದರಲ್ಲೇನಿದೆ," ಎಂದೆ. ಅದರಲ್ಲಿ ಬಹಳ ಇತ್ತು. ನನ್ನ ಕಾರು ಇಲ್ಲಿಯೇ ಗುದ್ದಬೇಕಿತ್ತು ಅನಿಸಿತು. ಅಂಥ ಯೋಚನೆ ಬಂತಲ್ಲ ಎಂದು ನನಗೇ ದಿಗಿಲಾಯಿತು. ಸೆಲ್ವಂ ಬೆಂಚಿನ ಮೇಲೆ ಹೇಳಿದ್ದೆಲ್ಲ ಈಗ ಅಕ್ಷರ ಅಕ್ಷರವಾಗಿ ಅರ್ಥವಾಯಿತು.

ಪಾವನಿ ನನ್ನ ತೊಡೆಯ ಮೇಲೆ ಕೂತಳು. ಅಕ್ಕಸಾಲಿ ಒಂದು ಕಿವಿಗೆ ಚುಚ್ಚಿದಾಗ ಕಿರುಚಿದಳು, ಇನ್ನೊಂದಕ್ಕೆ ಚುಚ್ಚಿದಾಗ ನನ್ನ ಕೈ ಕಚ್ಚಿದಳು. ಅಮ್ಮನ ಮೂಗಿನಲ್ಲಿದ್ದ ಬಂಗಾರ ಮೊಮ್ಮಗಳ ಕಿವಿಯಲ್ಲಿ ಮಿನುಗಿತು. ಅವಳ ಕಣ್ಣೀರಿನಲ್ಲಿ ನನ್ನದೂ ಸೇರಿತು, ಕಚ್ಚಿದ ನೋವಿಗೆ ಎಂದು ಹೇಳಿಕೊಂಡೆ.

ಎಲೆ ಮುಂದೆ ಕೂತಾಗ ಫೋನು ಠಣ್ ಎಂದಿತು. ಸೆಲ್ವಂ ಫೋಟೋ ಕಳಿಸಿದ್ದ. ಅದೇ ಗಲ್ಲಿ, ಅದೇ ಬ್ಯಾನರು. ತೂತಿನ ಮೇಲೆ ಹೊಸ ತೇಪೆ, ತೇಪೆಯಲ್ಲಿ ಸೆಲ್ವಂನ ಮುಖ ಮೊದಲಿಗಿಂತ ದೊಡ್ಡದಾಗಿ, ಯೂನಿಯನ್ ಲೀಡರೂ ಹೆದರುವಂತೆ. ಅದರ ಪಕ್ಕದಲ್ಲಿ, ಅವನ ಕೈ ಭುಜದ ಮೇಲೆ ಹಾಗೇ ಇದ್ದಂತೆ, ಗಡ್ಡ ತೆಗೆಯದ, ಕೂದಲು ಕೆದರಿದ, ಪೊಲೀಸ್ ಠಾಣೆಯ ಗೋಡೆಯ ಮುಂದೆ ಕಣ್ಣು ಕಿರಿದು ಮಾಡಿದ ನಾನು. ಕೆಳಗೆ ತಮಿಳಿನಲ್ಲಿ ಏನೋ ಬರೆದಿತ್ತು. ರಘುವಿಗೆ ತೋರಿಸಿದೆ. ಅವನು ಓದಿ, "ಕರ್ನಾಟಕ ತಾಯ್ ಮಾಮನ್," ಎಂದ.

ಅಷ್ಟರಲ್ಲಿ ಅಮ್ಮ ಫೋನ್ ಮಾಡಿದಳು. ವಿಜಿ ಅವಳಿಗೆ ಮಂಟಪದ ಫ್ಲೆಕ್ಸಿನ ಫೋಟೋ ಕಳಿಸಿದ್ದಳಂತೆ. ಮಗುವಿನ ಕಿವಿ ಕೇಳಲಿಲ್ಲ, ಮುಹೂರ್ತ ಕೇಳಲಿಲ್ಲ.

"ಅಲ್ವೋ, ಎಲ್ಲರೂ ಇದ್ದಾರೆ. ನಿನ್ನ ಮುಖ ಎಲ್ಲೋ?"

"ನಂದು ಕೋಡಂಬಾಕ್ಕಂನಲ್ಲಿ ಹಾಕಿದಾರಮ್ಮ," ಎಂದೆ.

ಅಮ್ಮ ಆ ಊರಿನ ಹೆಸರನ್ನು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ದೊಡ್ಡದಾಗಿ ಕಾಣ್ತೀಯೇನೋ?"